ಪೌಡರಿಲ್ಲದ ಫೋಟೊ

ಮೊನ್ನೆ ಭಾನುವಾರ ನನ್ನ ಹೆತ್ತ ತಾಯಿ ನನ್ನನ್ನು ಗುರುತಿಸಲಿಲ್ಲ. ಗಾಬರಿಯಾಗಬೇಡಿ, ಅಮ್ಮನಿಗೆ ಮರೆವಿನ ಕಾಯಿಲೆ ಏನೂ ಇಲ್ಲ. ಪಕ್ಕದ ಮನೆಯವರು ಯಾವ ಕಾಲದಲ್ಲೋ ಒಯ್ದ ಹಿಟ್ಟಿನ ಜರಡಿ ವಾಪಸ್ ಕೊಟ್ಟಿಲ್ಲ ಎಂಬುದು ಕೂಡ ಅವಳಿಗೆ ನೆನಪಿದೆ. ಆದದ್ದು ಇಷ್ಟು: ನನ್ನ ಫೋನು ಕೆಟ್ಟಿತ್ತು, ಮಗಳ ಫೋನು ಕಿತ್ತುಕೊಂಡು ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ನಾನಿರುವುದು ಹರಿಹರದಲ್ಲಿ, ಅಮ್ಮ ದಾವಣಗೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ. ಅವಳು ಕನ್ನಡಕ ಏರಿಸಿದಳು, ಇಳಿಸಿದಳು, ಫೋನನ್ನು ಮೂಗಿಗೆ ತಾಗಿಸಿ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ, "ಯಾರಮ್ಮ ನೀನು? ನನ್ನ ಮಗಳಿಗೆ ಒಂಚೂರು ಫೋನ್ ಕೊಡು" ಅಂದಳು.

ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ನನ್ನ ಮುಖವನ್ನು ಆಗ ನೋಡಿಕೊಂಡೆ. ಅಯ್ಯೋ ಶಿವನೇ! ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಗೆ ಕಣ್ಣು ಬರೆದಂತಿತ್ತು. ಮಗಳ ಫೋನಿನಲ್ಲಿ ಮುಖವನ್ನು ತಾನೇ ಬೆಳ್ಳಗೆ, ನುಣ್ಣಗೆ ಮಾಡುವ ಏನೋ ಒಂದು ಏರ್ಪಾಡಿದೆಯಂತೆ. "ಅಮ್ಮಾ, ನಾನೇ" ಅಂದೆ. "ನೀನಲ್ಲ ಬಿಡು, ನನ್ನ ಮಗಳು ನನಗೆ ಗೊತ್ತಿಲ್ಲೇನು!" ಎಂದು ಕರೆ ಕತ್ತರಿಸಿಯೇ ಬಿಟ್ಟಳು.

ನಾನು ಸಿಟ್ಟಾಗುವ ಬದಲು ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗಳು "ಏನಾಯ್ತಮ್ಮ?" ಎಂದು ಓಡಿ ಬಂದಳು. ಏನಾಯಿತೆಂದರೆ, ಇಪ್ಪತ್ತೈದು ವರ್ಷದ ಹಿಂದೆಯೇ ಒಬ್ಬಳು ಹೀಗಾಗುತ್ತದೆ ಅಂದಿದ್ದಳು. ಅವಳ ಹೆಸರು ನೀಮಾ. ಅವಳು ಯಾರೆಂದು ಹೇಳದೆ ಮುಂದೆ ಓಡಿದರೆ ನೀವು ಎದ್ದು ಹೋಗುತ್ತೀರಿ. ಹೇಳುತ್ತೇನೆ, ಕೂಡ್ರಿ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆಂದು ಒಂದು ಕೋಣೆ ಇತ್ತು. ನೀಮಾ ಅದಕ್ಕೆ ಬಂದವಳು. ಟಾಂಜಾನಿಯಾದ ದಾರ್ ಎಸ್ ಸಲಾಮ್ ಎಂಬ ಸಮುದ್ರದಂಡೆಯ ದೊಡ್ಡ ಪಟ್ಟಣದವಳು, ಹಲ್ಲಿನ ಡಾಕ್ಟರಿಕೆ ಓದಲು ನಮ್ಮೂರಿಗೆ ಬಂದಿದ್ದಳು. ಆಗ ನಮ್ಮ ಕಾಲೇಜುಗಳಲ್ಲಿ ಆಫ್ರಿಕಾದ ಹುಡುಗರು ಅಷ್ಟಿಷ್ಟು ಇದ್ದರು, ಹುಡುಗಿಯರು ಅಪರೂಪ. ನಮ್ಮ ಮನೆಗೆ ಬರುವ ಮುಂಚೆ ಆ ಸಾಲಿನ ಎಷ್ಟೋ ಮನೆಯವರು ಅವಳ ಮುಖ ನೋಡಿದ ಕೂಡಲೇ "ರೂಮು ಹೋಗೈತಮ್ಮ" ಅಂದಿದ್ದರಂತೆ. ನಮ್ಮಮ್ಮನೂ ಏನು ಕಡಿಮೆ ಇರಲಿಲ್ಲ. "ಅವ್ರು ಹೊತ್ತುಗೊತ್ತಿಲ್ದೆ ಡೊಳ್ಳು ಬಾರಿಸ್ಕೊಂತ ಕುಣೀತಾರಂತೆ. ಸಿಟ್ಟು ಬಂದ್ರೆ ಹಿಂದೆ ಮುಂದೆ ನೋಡಲ್ಲಂತೆ. ಒಂದು ಏಟು ಕೊಟ್ರೆ ಗಂಡಸೂ ಎದ್ದೇಳಲ್ಲಂತೆ" ಎಂದು ಅಪ್ಪನ ಮುಂದೆ ಒಂದು ರಾಶಿ 'ಅಂತೆ' ಸುರಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನೋಡಾಣ, ಬರ್ಲಿ ಬಿಡು. ಏಟು ಬಿದ್ರೆ ನನಗೆ ತಾನೆ ಬೀಳೋದು" ಅಂದರು.

ಬಂದಳು. ಡೊಳ್ಳಿನ ಸದ್ದಿಗೆ ಕಿವಿ ನೆಟ್ಟುಕೊಂಡಿದ್ದ ಅಮ್ಮನಿಗೆ ಮಹಡಿಯಿಂದ ಕೇಳಿಸಿದ್ದು ಗೊರಕೆ. ನೀಮಾಳಂಥ ನಿದ್ದೆಬುರುಕ ಹುಡುಗಿಯನ್ನು ನಾನು ಮತ್ತೆ ನೋಡಿಲ್ಲ. ಕಾಲೇಜು, ಊಟ, ನಿದ್ದೆ. ರಜೆಯಿದ್ದರೆ ನಿದ್ದೆ, ಊಟ, ಮತ್ತೆ ನಿದ್ದೆ. ಕುಣಿತ ಹೋಗಲಿ, ಗಣಪತಿ ಮೆರವಣಿಗೆಯಲ್ಲಿ ಎಲ್ಲರೂ ಎಳೆದಾಡಿದಾಗಲೂ ತಾಳ ತಪ್ಪಿಸಿ ಕುಣಿದು ನಮ್ಮಪ್ಪನ ಕಾಲು ತುಳಿದಳು. ಕನ್ನಡವನ್ನು ಮಾತ್ರ ತರಕಾರಿಯವರಿಂದ, ಅಮ್ಮನಿಂದ, ಸಿಟಿ ಬಸ್ಸಿನ ಕಂಡಕ್ಟರಿಂದ ಚೆನ್ನಾಗಿ ಹೀರಿಕೊಂಡಳು. ನಮ್ಮ ಊರಿನ ಮರ್ಯಾದೆಯ 'ರಿ' ಅವಳಿಗೆ ಎಷ್ಟು ಹಿಡಿಸಿತೆಂದರೆ, ಗೇಟಿನಲ್ಲಿ ಅಡ್ಡ ಮಲಗಿದ ಬೀದಿನಾಯಿಗೂ "ಒಂಚೂರು ಸರೀರಿ, ದಾರಿ ಬಿಡ್ರಿ" ಅನ್ನುತ್ತಿದ್ದಳು. ನಮ್ಮ ಯಾರ ಮಾತೂ ಕೇಳದ ಆ ನಾಯಿ ಅವಳ ಮಾತಿಗೆ ಎದ್ದು ಹೋಗುತ್ತಿತ್ತು. ಜೀವಮಾನದಲ್ಲಿ ಅದಕ್ಕೆ ಅಷ್ಟು ಮರ್ಯಾದೆ ಇನ್ನಾರು ಕೊಟ್ಟಿದ್ದರು ಹೇಳಿ?

ಓಟದ ಕಥೆ ಹೇಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ನಮ್ಮ ಬಡಾವಣೆಯ ಹೆಂಗಸರಿಗೂ ಹರಿಹರದ ಹೆಂಗಸರಿಗೂ ಹಬ್ಬದ ಹೊತ್ತಿಗೆ ಆಟೋಟದ ಸ್ಪರ್ಧೆ ನಡೆಯುತ್ತಿತ್ತು. ಓಟದಲ್ಲಿ ಯಾವಾಗಲೂ ಹರಿಹರವೇ ಗೆಲ್ಲುವುದು. ಆ ವರ್ಷ ನಮ್ಮ ಹೆಂಗಸರ ಮುಖದಲ್ಲಿ ಬೇರೆಯೇ ಕಳೆ. ಆಫ್ರಿಕಾದವರು ಓಡುವುದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದವರೇ. ನೀಮಾಳನ್ನು ಕೇಳುವ ಮೊದಲೇ ಅವಳ ಹೆಸರು ಕೊಟ್ಟಾಗಿತ್ತು, ಗೆದ್ದ ಮೇಲೆ ಹಂಚಲು ಪೇಡೆಯೂ ಬಂದಿತ್ತು. ಹರಿಹರದ ಹೊಳೆಯ ಹತ್ತಿರದ ಮೈದಾನದಲ್ಲಿ ಸೀಟಿ ಊದಿದರು. ಹರಿಹರದ ಒಬ್ಬ ಗಟ್ಟಿಗಿತ್ತಿ ಸೀರೆ ಎತ್ತಿ ಕಟ್ಟಿ ಬಾಣದ ಹಾಗೆ ಹೋದಳು. ನಮ್ಮ ನೀಮಾ ನಾಲ್ಕು ಮಾರು ಓಡಿ, ಎದೆ ಹಿಡಿದುಕೊಂಡು, ಬೇವಿನ ಮರದ ಕೆಳಗೆ ಕೂತಳು. ಕೂತದ್ದಷ್ಟೇ ಅಲ್ಲ, ಪಕ್ಕದ ಗಾಡಿಯವನಿಗೆ ಕಬ್ಬಿನ ಹಾಲು ಹೇಳಿದಳು. ನಮ್ಮ ಗುಂಪಿನ ಹಿರಿಯ ಹೆಂಗಸು ಅಳುವ ದನಿಯಲ್ಲಿ, "ಅಲ್ಲಮ್ಮ, ನಿಮ್ಮ ಕಡೇರು ಓಡ್ತಾರಲ್ಲೇನು?" ಎಂದು ಕೇಳಿದರೆ, ನೀಮಾ ತಣ್ಣಗೆ, "ಓಡೋರು ಓಡ್ತಾರ್ರಿ. ನಮ್ಮ ಮನ್ಯಾಗ ಎಲ್ರೂ ಮಲಗ್ತೀವಿ" ಅಂದಳು. ಸೋತವರೆಲ್ಲ ಸೇರಿ ಪೇಡೆ ತಿಂದೆವು.

ಈಗ ನನ್ನ ವಿಷಯ. ನಾನು ಕಪ್ಪು. ನಮ್ಮಮ್ಮ ಈ ಶಬ್ದ ಬಳಸುತ್ತಿರಲಿಲ್ಲ. ಕೇಳಿದವರಿಗೆ "ಎಣ್ಣೆಗೆಂಪು" ಅನ್ನುತ್ತಿದ್ದಳು. ಯಾವ ಎಣ್ಣೆ ಅಷ್ಟು ಕೆಂಪಗಿರುತ್ತದೋ ದೇವರಿಗೇ ಗೊತ್ತು. ಬಿ.ಎ. ಮುಗಿದದ್ದೇ ನನ್ನ ಮುಖದ ಮೇಲೆ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆಯ ಪ್ರಯೋಗ ಶುರುವಾಯಿತು. ಒಂದು ದಿನ ಅಮ್ಮ ಹೆಚ್ಚಾಗಿ ಕಲಸಿದ್ದಳು. ಮಿಕ್ಕದ್ದನ್ನು ಬಟ್ಟಲಲ್ಲಿ ಹಿಡಿದು, ತಾಯಿಯ ಕರುಳಿನಿಂದಲೇ, ನೀಮಾಳ ಹತ್ತಿರ ಹೋಗಿ, "ನೀನೂ ಹಚ್ಕೊ ನೀಮವ್ವ, ಒಂಚೂರು ತಿಳಿ ಆಗ್ತೀ" ಅಂದಳು. ನಾನು ನಾಚಿಕೆಯಿಂದ ನೆಲ ನೋಡಿದೆ. ನೀಮಾ ಬೆರಳದ್ದಿ, ನಾಲಿಗೆಗೆ ಹಚ್ಚಿ, "ಅಮ್ಮಾರ, ಇದು ಬಜ್ಜಿ ಹಿಟ್ಟು ರಿ! ಉಪ್ಪು ಹಾಕೋದು ಮರ್ತೀರಿ" ಎಂದಳು. ಅವಳ ಊರಲ್ಲೂ ಬಜ್ಜಿ ಮಾಡುತ್ತಾರಂತೆ, ಚಪಾತಿ ಮಾಡುತ್ತಾರಂತೆ, ಚಹಾಕ್ಕೂ ಚಾಯ್ ಅನ್ನುತ್ತಾರಂತೆ. "ಹೌದೇನೆ! ಮತ್ತ ನೀವು ನಮ್ಮೋರೇ ಆದ್ರಲ್ಲೇ!" ಎಂದು ಅಮ್ಮ ಬಾಯಿಬಿಟ್ಟಳು. ಅವತ್ತು ನನ್ನ ಮುಖಕ್ಕೆ ಸಲ್ಲಬೇಕಿದ್ದ ಕಡಲೆಹಿಟ್ಟಿಗೆ ಮೆಣಸಿನಕಾಯಿ ಬಿತ್ತು, ಮಂಡಕ್ಕಿಯ ಜೊತೆ ಮನೆಮಂದಿಯೆಲ್ಲ ತಿಂದೆವು. ಅರಿಶಿನ ಒಂದಿಷ್ಟು ಜಾಸ್ತಿಯಾಗಿತ್ತು, ಪರವಾಗಿರಲಿಲ್ಲ.

ಆದರೆ ಗಂಡಿನ ಕಡೆಯವರಿಗೆ ಮೊದಲು ಹೋಗುತ್ತಿದ್ದುದು ಮುಖವಲ್ಲ, ಫೋಟೊ. ಕೆ.ಬಿ. ಬಡಾವಣೆಯಲ್ಲಿ ಚನ್ನಬಸಣ್ಣನೆಂಬಾತ ಸ್ಟುಡಿಯೊ ಇಟ್ಟಿದ್ದ. ನಮ್ಮ ಕಡೆಯ ಹೆಣ್ಣುಮಕ್ಕಳ ಮದುವೆ ನಿಶ್ಚಯವಾಗುವುದು ಶಿವಪಾರ್ವತಿಯರ ಕೃಪೆಯಿಂದಲ್ಲ, ಅವನ ಕೈಗುಣದಿಂದ ಎಂದು ಜನ ನಂಬಿದ್ದರು. ಮೊದಲು ದಪ್ಪಗೆ ಪೌಡರು, ಆಮೇಲೆ ಕಣ್ಣು ಕುಕ್ಕುವ ದೀಪ, ಕೊನೆಗೆ ಫೋಟೊ ತೊಳೆಯುವಾಗ ಇನ್ನೊಂದಿಷ್ಟು ತಿಳಿ ಮಾಡುವುದು. ಅದರ ಮೇಲೂ ಎಲ್ಲಾದರೂ ಕಪ್ಪು ಇಣುಕಿದರೆ ಬ್ರಷ್ಷಿನಿಂದ ಒರೆಸಿಬಿಡುವುದು. ಅವನಿಗೆ ಇದು ವ್ಯಾಪಾರವಲ್ಲ, ಧರ್ಮ. "ತಂಗೀ, ನಮ್ಮ ಸ್ಟುಡಿಯೊದಾಗ ಕಪ್ಪು ಅಂಬೋದೇ ಇಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದ.

ಆ ಧರ್ಮದ ಫಲ ನನಗೆ ರಾಣೆಬೆನ್ನೂರಿನವರು ಬಂದಾಗ ಸಿಕ್ಕಿತು. ಫೋಟೊ ನೋಡಿ ಬಹಳ ಮೆಚ್ಚಿ ಬಂದಿದ್ದರು. ನಾನು ತಟ್ಟೆ ಹಿಡಿದು ಹೋಗಿ, ಎಲ್ಲರಿಗೂ ಕೊಟ್ಟು, ಎದುರಿಗೇ ಜಮಖಾನೆಯ ಮೇಲೆ ಕೂತೆ. ಅವರು ಕೇಸರಿಬಾತು ತಿಂದರು, ಉಪ್ಪಿಟ್ಟು ತಿಂದರು, ಮಳೆಬೆಳೆ ಮಾತಾಡಿದರು. ಕೊನೆಗೆ ಗಂಡಿನ ತಾಯಿ ಕೈ ಒರೆಸಿಕೊಂಡು, ನನ್ನ ತಲೆಯ ಮೇಲಿನಿಂದ ಅಡುಗೆಮನೆಯ ಕಡೆ ನೋಡುತ್ತ, "ಹೊತ್ತಾತು, ಹುಡುಗೀನ ಕರೀರಿ ಇನ್ನ. ಹುಡುಗಿ ಎಲ್ಲಿ?" ಅಂದರು.

ನಗಬೇಡಿ. ಆಯಿತು, ನಗಿ, ನಾನೂ ಈಗ ನಗುತ್ತೇನೆ. ಆದರೆ ಅವತ್ತು ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತ್ತು. ಕಪ್ಪಗಿದ್ದಾಳೆ, ಬೇಡ ಅಂದಿದ್ದರೆ ಸಹಿಸುತ್ತಿದ್ದೆ. ಕಣ್ಣೆದುರು ಕೂತಿದ್ದರೂ ನನ್ನನ್ನು ಹುಡುಕಿದರಲ್ಲ, ಅದು ಎದೆಗೆ ನಾಟಿತು. ಇನ್ನೊಂದು ಸಲ ಹೀಗಾದರೆ ನಾನು ತಡೆದುಕೊಳ್ಳಲಾರೆ ಎಂದು ನೀಮಾಳ ಮುಂದೆ ಅತ್ತೆ. ಅವಳು ನನ್ನ ಬೆನ್ನು ಸವರಿ, ಬೇರೆ ಸಮಾಧಾನ ತೋಚದೆ, ನನ್ನ ದವಡೆ ಹಿಡಿದು, "ನಿಮ್ಮ ಹಲ್ಲು ಮಾತ್ರ ಫಸ್ಟ್ ಕ್ಲಾಸ್ ಅದಾವ್ರಿ" ಅಂದಳು. ಅಳುತ್ತ ಅಳುತ್ತಲೇ ನಗು ಬಂತು.

ಅಷ್ಟರಲ್ಲಿ ಹರಿಹರದಿಂದ ಇನ್ನೊಂದು ಸಂಬಂಧ ಬಂತು. ಹುಡುಗನ ಫೋಟೊ ಬಂತು, ಹಾಲಿನಂಥ ಬಣ್ಣ. ಹಳೆಯ ಫೋಟೊಕ್ಕೆ ಅಪಶಕುನ ತಗುಲಿದೆಯೆಂದು ಅಮ್ಮ ನನ್ನನ್ನು ಹೊಸದಾಗಿ ತೆಗೆಸಲು ಅಟ್ಟಿದಳು. ನೀಮಾಳೂ ಜೊತೆಗೆ ಬಂದಳು, ಅವಳಿಗೂ ಒಂದು ಫೋಟೊ ಬೇಕಿತ್ತು. ಅವಳ ತಾಯಿ ಅಲ್ಲಿ ಒಂದು ಶಾಲೆಯ ಹೆಡ್ ಮೇಡಂ. ಮಗಳನ್ನು ನೋಡಿ ಎರಡು ವರ್ಷವಾಗಿತ್ತು. ಸೀರೆಯುಟ್ಟು ಒಂದು ಫೋಟೊ ಕಳಿಸು ಎಂದು ಫೋನಿನಲ್ಲಿ ಕೇಳಿದ್ದರಂತೆ. ಅಮ್ಮ ತನ್ನ ಹಸಿರು ಇಳಕಲ್ ಸೀರೆಯನ್ನು ತಾನೇ ಉಡಿಸಿ ಕಳಿಸಿದಳು.

ಇಬ್ಬರ ಫೋಟೊಗಳೂ ಒಟ್ಟಿಗೇ ಬಂದವು. ನನ್ನದು ಎಂದಿನಂತೆ ಸುಣ್ಣ. ಅಮ್ಮ ಅದನ್ನು ಕಿತ್ತುಕೊಂಡು ಅವತ್ತೇ ಹರಿಹರಕ್ಕೆ ಕಳಿಸಿಬಿಟ್ಟಳು. ನೀಮಾಳದು? ಚನ್ನಬಸಣ್ಣ ಪಾಪ, ಪರದೇಶದ ಹುಡುಗಿ, ಒಂದು ಕೈ ಹೆಚ್ಚೇ ಧರ್ಮ ಮಾಡಿದ್ದ. ಬೂದಿಬಣ್ಣದ ಯಾವುದೋ ಹೆಂಗಸು ನಮ್ಮಮ್ಮನ ಸೀರೆಯುಟ್ಟು ಕೂತಿದ್ದಳು. ನೀಮಾ ಅದನ್ನು ನೋಡಿ, "ಯಾರ್ರಿ ಇವರು? ಹಿಟ್ಟಿನ ಗಿರಣಿಯಾಗ ಬಿದ್ದಿದ್ರೇನು?" ಎಂದು ನಗತೊಡಗಿದಳು. ಬೀದಿಯಲ್ಲಿ ಹೋಗುತ್ತಿದ್ದ ಸ್ಕೂಟರಿನವರು ನಿಂತು ನೋಡುವಷ್ಟು ನಕ್ಕಳು. ಆಮೇಲೆ ತಟ್ಟನೆ ಮೆತ್ತಗಾಗಿ, ಫೋಟೊವನ್ನು ಬೋರಲು ಹಾಕಿ, "ನಮ್ಮಮ್ಮಗ ಇದನ್ನ ಹೆಂಗ ಕಳಿಸ್ಲಿ? ನೋಡ್ತಾಳ, ಯಾರಮ್ಮ ನೀನು, ನನ್ನ ಮಗಳು ಎಲ್ಲಿ ಅಂತಾಳ" ಅಂದಳು. ಕಣ್ಣಲ್ಲಿ ನೀರಿತ್ತು. ಎರಡು ವರ್ಷ ಯಾರು ಏನಂದರೂ ನಗುತ್ತಿದ್ದವಳು. ಆಟೊದವರು ಕೂಗಿದಾಗ, ಮಕ್ಕಳು ಹಿಂದಿನಿಂದ ಬಂದು ಕೂದಲು ಜಗ್ಗಿದಾಗಲೂ ತಿರುಗಿ ಗದರಿಸಿ ನಕ್ಕವಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಣ್ಣು ಒರೆಸಿಕೊಂಡವಳೇ ಮತ್ತೆ ಅದೇ ಸೀರೆ ಉಟ್ಟು ಸೀದಾ ಸ್ಟುಡಿಯೊಕ್ಕೆ ನಡೆದಳು. ನಾನು ಹಿಂದೆ. "ಅಣ್ಣಾರ, ಇನ್ನೊಮ್ಮೆ ತೆಗೀರಿ. ಪೌಡರ್ ಬ್ಯಾಡ್ರಿ. ಬಿಳಿ ಮಾಡಬ್ಯಾಡ್ರಿ. ನಾ ಹೆಂಗದೀನಿ ಹಂಗ." ಚನ್ನಬಸಣ್ಣ ಕಂಗಾಲಾದ. "ಬರಂಗಿಲ್ಲ ಮೇಡಂ. ಹಂಗೇ ತೆಗೆದ್ರೆ ಮುಖ ಕಾಣಂಗಿಲ್ಲ, ಬರೇ ಸೀರೆ ಕಾಣ್ತೈತೆ" ಎಂದ. ಕಪ್ಪನ್ನು ಅಳಿಸುವುದರಲ್ಲಿ ಪಳಗಿದವನಿಗೆ ಕಪ್ಪನ್ನು ಫೋಟೊದಲ್ಲಿ ಹಿಡಿಯುವುದೇ ಗೊತ್ತಿರಲಿಲ್ಲ! ನೀಮಾ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ನಾ ಹೋಗಂಗಿಲ್ರಿ, ಬೇಕಾದ್ರೆ ಇಲ್ಲೇ ಮಲಗ್ತೀನಿ" ಅಂದಳು. ಮಲಗುವ ವಿಷಯದಲ್ಲಿ ಅವಳು ಸುಳ್ಳು ಹೇಳುವವಳಲ್ಲ ಎಂದು ನಾನೂ ಸಾಕ್ಷಿ ನುಡಿದೆ.

ಸೋತು ಕೆಲಸಕ್ಕೆ ಇಳಿದ. ಹಿಂದಿನ ಬಿಳಿ ಪರದೆ ತೆಗೆದ. ಒಳಗೆ ಹೋಗಿ ಹೆಂಡತಿಯ ಹಳದಿ ದುಪ್ಪಟಿ ತಂದು ಕಟ್ಟಿದ. ದೀಪ ಆರಿಸಿದ, ಹಚ್ಚಿದ, ಬೈದುಕೊಂಡ. ಕೊನೆಗೆ ಸ್ಟೂಲನ್ನು ಬಾಗಿಲ ಹತ್ತಿರ ಎಳೆದು, ಬಿಸಿಲು ಓರೆಯಾಗಿ ಕೆನ್ನೆಗೆ ಬೀಳುವ ಹಾಗೆ ಅವಳನ್ನು ಕೂರಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟವನು ಅಲ್ಲೇ ನಿಂತುಬಿಟ್ಟ. "ಅಯ್ಯ ಶಿವನೇ, ಬೆಳಕು ಹೆಂಗ ಕುಂತೈತೆ ನೋಡ್ರಿ ಮುಖದ ಮ್ಯಾಲೆ! ಇಷ್ಟು ವರ್ಷ ನಾ ಏನು ಮಾಡ್ತಿದ್ದೆ?" ಹುಚ್ಚು ಹತ್ತಿದವನಂತೆ ತೆಗೆದೇ ತೆಗೆದ. "ಮೇಡಂ, ನಗ್ರಿ, ಹಲ್ಲು ಮಾತ್ರ ಕಾಣಬಾರ್ದು" ಎಂದು ಅಭ್ಯಾಸದಿಂದ ಅಂದನೋ ಇಲ್ಲವೋ, ನೀಮಾ, "ಹಲ್ಲಿನ ಡಾಕ್ಟ್ರಿಗೇ ಹಲ್ಲು ತೋರಿಸಬ್ಯಾಡ ಅಂತೀರೇನ್ರಿ?" ಎಂದು ಬಾಯಿತುಂಬ ನಕ್ಕಳು. ಆ ನಗುವೇ ಬಂತು ಫೋಟೊದಲ್ಲಿ. ಅದೇ ಉಮೇದಿನಲ್ಲಿ ಅವನು ನನ್ನ ಕಡೆ ತಿರುಗಿ, "ತಂಗೀ, ನೀನೂ ಕುಂದ್ರು" ಅಂದ.

ನನ್ನ ಆ ಫೋಟೊ ನೋಡಿದಾಗ ನನಗೆ ಮೊದಲು ಆದದ್ದು ಹೆದರಿಕೆ. ಆಮೇಲೆ, ಹೇಳಿಬಿಡುತ್ತೇನೆ, ಬಹಳ ಸಂತೋಷ. ಚೆನ್ನಾಗಿದ್ದೆ ಕಣ್ರೀ! ಹರಿಹರದವರಿಗೆ ಇದನ್ನು ಕಳಿಸೋಣ ಎಂದು ಅಮ್ಮನ ಮುಂದೆ ಇಟ್ಟೆ. "ಬಂದ ಸಂಬಂಧ ಕೆಡಿಸ್ತೀಯೇನೆ?" ಎಂದು ಅಮ್ಮ ಹೌಹಾರಿದಳು. ಅವರು ಬಿಳಿಯ ಫೋಟೊ ಒಪ್ಪಿ, ಭಾನುವಾರ ಬರುತ್ತೇವೆಂದು ಆಗಲೇ ಹೇಳಿ ಕಳಿಸಿದ್ದರು. ಮತ್ತೆ ನನ್ನನ್ನು ಹುಡುಕಲು ಬರುತ್ತಾರೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಮ್ಮ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಚಹಾಕ್ಕೆಂದು ಇಳಿದು ಬಂದ ನೀಮಾ ದೂರದಲ್ಲಿ ಕೂತು ನೋಡುತ್ತಿದ್ದು, "ಎಷ್ಟು ಚೆಂದ ಐತ್ರಿ ಅಮ್ಮಾರ. ಕರ್ರಗ, ಫಳಫಳ ಅಂತೈತೆ" ಅಂದಳು. "ಮತ್ತೆ! ಕರ್ರಗಿದ್ರೇನೇ ಕಳೆ ಅದಕ್ಕ" ಎಂದು ಅಮ್ಮ ಹೆಮ್ಮೆಯಿಂದ ತಲೆಯೆತ್ತಿದಳು. ಎದುರಿಗೆ ನಾನಿದ್ದೆ. ಅಮ್ಮ ಸುಮ್ಮನೆ ಬಿಲ್ವಪತ್ರೆ ಹುಡುಕತೊಡಗಿದಳು. ಮಧ್ಯಾಹ್ನ ಪೌಡರಿನ ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದವಳು, ಒಂದು ಗಳಿಗೆ ನಿಂತು, ಡಬ್ಬಿಯನ್ನು ತೆಗೆದುಕೊಂಡೇ ವಾಪಸ್ ಹೋದಳು.

ಹರಿಹರದವರು ಬಂದರು. ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತೆ. ಅವರು ತಲೆಯೆತ್ತಿ ನನ್ನ ಹಿಂದೆ ಇಣುಕುವ ಮೊದಲೇ, ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ: "ನಾನೇ ರೀ ಹುಡುಗಿ. ಹುಡುಕಬ್ಯಾಡ್ರಿ."

ಅಪ್ಪ ಅತಿಥಿಗಳಿದ್ದಾರೆಂಬುದನ್ನೂ ಮರೆತು ಪೇಪರು ಮುಖಕ್ಕೆ ಹಿಡಿದರು. ನನಗೆ ಧೈರ್ಯವೇರಿತ್ತು, ಇನ್ನು ಇಳಿಯುವಂತಿರಲಿಲ್ಲ. ಕೂತವರ ಮೇಲೆ ಒಂದು ಸುತ್ತು ಕಣ್ಣಾಡಿಸಿದೆ. ತಂದೆ, ತಾಯಿ, ಪಕ್ಕದಲ್ಲಿ ಒಬ್ಬ ಕಪ್ಪನೆಯ ಗೆಳೆಯನೋ ಡ್ರೈವರನೋ ಇದ್ದ. ಹಾಲಿನ ಬಣ್ಣದ ಆಸಾಮಿಯ ಪತ್ತೆಯಿಲ್ಲ. "ಎಲ್ಲಿ, ಹುಡುಗ ಬರ್ಲಿಲ್ಲೇನ್ರಿ?" ಎಂದು ಕೇಳಿದೆ.

ಆ ಕಪ್ಪನೆಯವನು ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ ಮೆಲ್ಲಗೆ ಬೆರಳೆತ್ತಿ, "ನಾನೇ ರೀ" ಅಂದ.

ಹರಿಹರದಲ್ಲೂ ಒಬ್ಬ ಚನ್ನಬಸಣ್ಣ ಇದ್ದನೆಂದು ನನಗೇನು ಗೊತ್ತು! ಮೊದಲು ನಕ್ಕವಳು ಮಹಡಿಯ ಮೆಟ್ಟಿಲ ಮೇಲೆ ಕದ್ದು ಕೂತಿದ್ದ ನೀಮಾ. ಆ ನಗು ಕೇಳಿ ತಿರುಗಿ ನೋಡಿದ ಹುಡುಗನ ತಾಯಿ, "ಅಯ್ಯ, ಓಡೋದು ಬಿಟ್ಟು ಕಬ್ಬಿನ ಹಾಲು ಕುಡಿದಾಕಿ ಅಲ್ಲೇನು ನೀನು!" ಎಂದು ಚೀರಿದರು. ಅವತ್ತು ಸೀರೆ ಕಟ್ಟಿ ಬಾಣದ ಹಾಗೆ ಹೋದ ಗಟ್ಟಿಗಿತ್ತಿ ಅವರೇ. ಅವರು ನನ್ನ ಕೈಯಿಂದ ಕಾಫಿ ತೆಗೆದುಕೊಂಡು, "ನಿಜ ಹೇಳ್ತೀನಿ, ಆ ಫೋಟೊ ನೋಡಿ ನಾ ಬ್ಯಾಡ ಅಂದಿದ್ದೆ. ಹುಡುಗಿ ಮೈಯಾಗ ರಕ್ತನೇ ಇಲ್ಲ, ಏನೋ ಜಡ್ಡೈತೆ ಅಂತ. ಮನ್ಯಾರ ಒತ್ತಾಯಕ್ಕ ಬಂದೆ" ಅಂದರು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಬೆರಳೆತ್ತಿದವನು ಇವತ್ತಿಗೂ ನಾನು ದನಿ ಏರಿಸಿ ಏನಾದರೂ ಕೇಳಿದರೆ ಬೆರಳೆತ್ತುತ್ತಾನೆ.

ಇದನ್ನು ಹೇಳಿದಾಗಲೆಲ್ಲ ಕೇಳಿದವರು, ನೀಮಾ ದೇವರು ಕಳಿಸಿದ ಹಾಗೆ ಬಂದು ನಿನ್ನ ಕಣ್ಣು ತೆರೆಸಿದಳಲ್ಲ ಅನ್ನುತ್ತಾರೆ. ಸುಳ್ಳು. ಅವಳು ಬಂದದ್ದು ಹಲ್ಲು ಕೀಳುವುದನ್ನು ಕಲಿಯಲು, ಕಲಿತಳು. ಅವಳಿಗೆ ಬೇಕಿದ್ದದ್ದು ತನ್ನ ತಾಯಿ ಗುರುತಿಸುವಂಥ ಒಂದು ಫೋಟೊ, ಅದನ್ನು ಹಟಮಾಡಿ ಪಡೆದಳು. ಚನ್ನಬಸಣ್ಣ ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಅವಳನ್ನು ಕೇಳಿಯೇ ತನ್ನ ಅಂಗಡಿಯ ಗಾಜಿನೊಳಗೆ ಇಟ್ಟ. ಬೆಳ್ಳನೆಯ ಮದುವಣಗಿತ್ತಿಯರ ನಡುವೆ ನೀಮಾ ಇಳಕಲ್ ಸೀರೆಯಲ್ಲಿ ಮೂವತ್ತೆರಡೂ ಹಲ್ಲು ತೋರಿಸುತ್ತಿದ್ದಳು. "ಯಾರಿದು, ಸಿನಿಮಾದೋರಾ?" ಎಂದು ಕೇಳಿದವರಿಗೆ "ಡಾಕ್ಟ್ರು ರೀ, ನಮ್ಮೂರೋರು" ಅನ್ನುತ್ತಿದ್ದ. ಒಬ್ಬ ಕಪ್ಪು ಹುಡುಗಿ ತಾಯಿಯ ಕೈ ಜಗ್ಗಿ ನಿಲ್ಲಿಸಿ, "ನಂದೂ ಹಂಗೇ ತೆಗೀರಿ" ಅಂದದ್ದನ್ನು ನಾನೇ ನೋಡಿದ್ದೇನೆ. ಅವಳ ತಾಯಿ ಒಪ್ಪಲಿಲ್ಲ ಅನ್ನಿ.

ನೀಮಾ ಈಗ ತನ್ನೂರಿನಲ್ಲಿ ದೊಡ್ಡ ಹಲ್ಲಿನ ಡಾಕ್ಟರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಮಧ್ಯಾಹ್ನದ ಕ್ಲಿನಿಕ್ಕು ಮಾತ್ರ ಇವತ್ತಿಗೂ ಬಂದ್. ನಿದ್ದೆ.

ಇಷ್ಟೂ ಕಥೆಯನ್ನು ನಗುತ್ತಲೇ ಮಗಳಿಗೆ ಹೇಳಿದೆ. ಮಗಳದು ನನ್ನದೇ ಬಣ್ಣ. ಅವಳು ನಗಲಿಲ್ಲ. ಫೋನು ತೆಗೆದುಕೊಂಡು, ಅದೇನೇನೋ ಒತ್ತಿ, ಆ ಏರ್ಪಾಡನ್ನು ತೆಗೆದುಹಾಕಿದಳು. "ಬೇಕಿದ್ರೆ ಇರ್ಲಿ ಬಿಡೆ, ನಿಂದಲ್ವಾ ಫೋನು" ಅಂದೆ. "ಅಜ್ಜಿಗೆ ನಾನೂ ಗೊತ್ತಾಗ್ಬೇಕಲ್ಲಮ್ಮ" ಅಂದಳು.

ಇಬ್ಬರೂ ಕೆನ್ನೆಗೆ ಕೆನ್ನೆ ಹಚ್ಚಿ ಮತ್ತೆ ಕರೆ ಮಾಡಿದೆವು. ಅಮ್ಮ ಕನ್ನಡಕ ಸರಿಮಾಡಿಕೊಂಡು, ನಮ್ಮಿಬ್ಬರನ್ನೂ ಹತ್ತಿರದಿಂದ ನೋಡಿದಳು.

"ಹಾಂ," ಅಂದಳು, "ಈಗ ಬಂದ್ರಿ ನೋಡು."